ತೊಟ್ಟಿಲಿಗೆಂದು ಇಟ್ಟ ಸೀಸಂ ಹಲಗೆ

ಅಗಸೆ ಎಣ್ಣೆಯ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಆಗಿಬರುವುದಿಲ್ಲ. ಮೊನ್ನೆ ಮಂಚದ ಕೆಳಗಿಂದ ಸೀಸಂ ಹಲಗೆಯನ್ನು ಎಳೆದುಕೊಂಡು, ಹಳೆ ಧೋತರದ ತುಂಡಿನಿಂದ ಎಣ್ಣೆ ತಿಕ್ಕುತ್ತ ಕೂತಿದ್ದೆ. ಸೊಸೆ ಮೂಗು ಮುಚ್ಚಿಕೊಂಡು, "ಅತ್ತೀ, ಈ ಕಟ್ಟಿಗಿಗಿ ಮಾಡಿದಷ್ಟು ಉಪಚಾರ ಮಾವಗ ಮಾಡಿದ್ರ ಇನ್ನೊಂದು ಹತ್ತು ವರ್ಷ ಬದುಕ್ತಿದ್ರು" ಅಂದಳು. ನಗೆ ಬಂತು. ಎಣ್ಣೆ ಇಳಿದಂತೆ ಕಟ್ಟಿಗೆಯ ಗೆರೆಗಳು ಎದ್ದು ಕಂಡವು, ಅವುಗಳ ಮೇಲೆ ಎಳೆದ ಪೆನ್ಸಿಲ್ ಗುರುತೂ ಕಂಡಿತು. ನಗೆ ಅಲ್ಲಿಗೇ ನಿಂತಿತು...

ಆ ಗುರುತು ಎಳೆದವರು ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಬಡಿಗೇರ ಕಾಕಾ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳು ಅವು. ನಾನು ಕಮಲಾಪುರದ ತವರಿನಿಂದ ಕಲಬುರಗಿಗೆ ಸೊಸೆಯಾಗಿ ಬಂದು ವರ್ಷವಾಗಿತ್ತು, ಏಳು ತಿಂಗಳ ಬಸುರಿ. ಕಾಕಾ ಒಂದು ದಿನ ನನ್ನನ್ನು ಕರೆದು, ಒಂದೇ ಮರದಿಂದ ಸೀಳಿದ ಎರಡು ಹಲಗೆ ತೋರಿಸಿದರು. ಒಂದರಲ್ಲಿ ಗೆರೆಗಳು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡಿದ್ದವು. ಇನ್ನೊಂದರಲ್ಲಿ ಒಂದು ಗಂಟಿನ ಹತ್ತಿರ ಬಂದು ಅಡ್ಡ ತಿರುಗಿದ್ದವು.

"ಸೀದಾ ಇದ್ದದ್ದು ನಿನ್ನ ತೊಟ್ಟಿಲಕ್ಕ ಯವ್ವಾ. ಇನ್ನೊಂದು ನೋಡಾಕ ಚಂದ ಅದ, ಖರೆ ಪೆಟ್ಟು ಬಿದ್ರ ಗೆರಿ ತಿರುಗಿದಲ್ಲೇ ಟಪ್ಪಂತ ಮುರೀತದ" ಅಂದರು. ನಾನು ಚೊಚ್ಚಲ ಬಸುರಿಯ ಜಂಬದಲ್ಲಿ ತಲೆಯಾಡಿಸಿ ಬಂದೆ.

ಆ ವಾರವೇ ಬಂದೂಕಿನವನು ಬಂದ. ಊರೂರು ಸುತ್ತಿ ಲೂಟಿ ಮಾಡುತ್ತಿದ್ದ ದಂಡಿನವನು. ಕೈಯಲ್ಲಿ ಹಿಂದಿನ ಯಾವುದೋ ಮಹಾಯುದ್ಧ ಕಂಡು ಬಂದ ರೈಫಲ್ ಇತ್ತು. ಅದರ ಕುಂದಾ, ಅಂದರೆ ಹೆಗಲಿಗೆ ಆನಿಸುವ ಹಿಂದಿನ ಕಟ್ಟಿಗೆ, ಕುತ್ತಿಗೆಯ ಹತ್ತಿರ ಮುರಿದಿತ್ತು. ತಂತಿ ಸುತ್ತಿ ನಿಲ್ಲಿಸಿಕೊಂಡಿದ್ದ.

"ಏ ಸುತಾರ, ಹೊಸಾ ಕುಂದಾ ಹಾಕು. ಮೂರು ದಿನದಾಗ ಆಗಬೇಕು."

ಹೇಗೆ ಮುರಿಯಿತೆಂದು ಕಾಕಾ ಕೇಳಿದರು. ಅವನು ನಕ್ಕ. "ಕಮಲಾಪುರದಾಗ ಒಬ್ಬವ ಜ್ವಾಳದ ಹಗೇವಿನ ಮ್ಯಾಲ ಕುಂತು ಏಳಲೇ ಇಲ್ಲ. ಖೋಪಡಿ ಗಟ್ಟಿ ಇತ್ತು ಬೇಕೂಫಂದು." ನೀರಿನ ಕೊಡ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ ನನಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಯಾವ ಮನೆಯವನೋ ಪಾಪ ಅಂದುಕೊಂಡೆ.

ಮರುದಿನ ತವರಿನಿಂದ ಸುದ್ದಿ ಬಂತು. ಕಾಳು ತುಂಬಿದ ಆ ನೆಲಗುಂಡಿಯ ಬಾಯಿಯ ಮೇಲೆ ಕೂತವನು ನನ್ನ ಅಣ್ಣ. ತಲೆ ಒಡೆದು ಎರಡು ದಿನ ನರಳಿ ಸತ್ತಿದ್ದ. ದಾರಿ ಸರಿಯಿಲ್ಲವೆಂದು ನನ್ನನ್ನು ಮಣ್ಣಿಗೂ ಕಳಿಸಲಿಲ್ಲ.

ನಾನು ಅಳಲಿಲ್ಲ. ಸೀದಾ ಕಾಕಾನ ಅಂಗಳಕ್ಕೆ ಹೋದೆ. ದಿಮ್ಮಿಯ ಮೇಲೆ ಆ ಮುರಿದ ಕುಂದಾ ಬಿದ್ದಿತ್ತು. ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು, ರಕ್ತ ಕಪ್ಪಗೆ ಒಣಗಿತ್ತು. ಪಕ್ಕದಲ್ಲಿ ನನ್ನ ತೊಟ್ಟಿಲಿನ ಹಲಗೆ, ಅದರ ಮೇಲೆ ಕುಂದಾದ ಆಕಾರದ ಪೆನ್ಸಿಲ್ ಗುರುತು.

"ತೊಟ್ಟಿಲಕ್ಕ ಬ್ಯಾರೆ ತರ್ತೇನಿ ಯವ್ವಾ" ಅಂದರು ಕಾಕಾ, ತಲೆ ಎತ್ತದೆ. "ಕೆಟ್ಟ ಕಟ್ಟಿಗಿ ಹಾಕಿದ್ರ ಅವರು ನನ್ನ ಬಿಡಂಗಿಲ್ಲ."

"ಅದು ನಮ್ಮ ಅಣ್ಣನ ಕೂದಲ ಅದ ರೀ ಕಾಕಾ. ಮುರಿಯೋದು ಹಾಕ್ರಿ."

ಅವರು ಕೂದಲನ್ನು ನೋಡಿದರು. ಆಮೇಲೆ ಗಂಟಿನ ಹಲಗೆಯನ್ನು ಎಳೆದುಕೊಂಡರು. ಅವರಿಗೆ ಏನಾದೀತು ಎಂಬ ಯೋಚನೆ ನನಗೆ ಬರಲಿಲ್ಲ. ಬಂದಿತ್ತು, ಬದಿಗೆ ಸರಿಸಿದೆ... ಈ ವಯಸ್ಸಿನಲ್ಲಿ ಸುಳ್ಳು ಯಾಕೆ?

ಮೂರನೇ ದಿನ ಬಂದೂಕಿನವನು ಹೊಸ ಕುಂದಾ ಸವರಿ ನೋಡಿದ. ಅಗಸೆ ಎಣ್ಣೆ ಕುಡಿದು ಅದು ಮಿರಿಮಿರಿ ಮಿಂಚುತ್ತಿತ್ತು. ವಾಹ್ ಅನ್ನುತ್ತ ಹೆಗಲಿಗೇರಿಸಿ ಹೋದ.

ವಾರ ಕಳೆದು ತಿರುಗಿ ಬಂದಾಗ ಅವನ ಜೊತೆ ಇನ್ನಿಬ್ಬರಿದ್ದರು. ಕುಂದಾ ಎರಡು ತುಂಡು. ನಡು ಮಧ್ಯಾಹ್ನ, ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಇಬ್ಬರು ಕಾಕಾನ ಬಲಗೈಯನ್ನು ಅವರದೇ ದಿಮ್ಮಿಯ ಮೇಲೆ ಒತ್ತಿ ಹಿಡಿದರು. ಅವನು ಅವರದೇ ಕೊಡತಿ ಎತ್ತಿಕೊಂಡು, ಉಳಿ ಹೊಡೆಯುವ ಹಾಗೆ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ಎಲುಬು ಮುರಿಯುವ ಸದ್ದು ನಮ್ಮ ಪಡಸಾಲೆಯವರೆಗೆ ಬರುತ್ತಿತ್ತು.

"ಯಾರ್ ಹೇಳಿಕೊಟ್ರು? ಹೇಳು!"

"ಯಾರೂ ಇಲ್ರೀ... ನನ್ನ ಕಣ್ಣು ಮಂಜಾಗ್ಯಾವ್ರೀ..."

ಪ್ರತಿ ಪೆಟ್ಟಿಗೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಬಾಗಿಲ ಸಂದಿಯಿಂದ ನೋಡಿದೆ. ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಹೊರಗೆ ಕಾಲಿಡಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ಬಂತು, ಬಂದೂಕಿನವರು ಓಡಿದರು. ಆಮೇಲೆ ನಮ್ಮ ಓಣಿಯವರೇ ಕೊಡಲಿ ಹಿಡಿದು ಹೊರಟರು. ಬಂದೂಕಿನವರ ಕಡೆಯವರೆಂದು ಸಿಕ್ಕವರನ್ನು ಕಡಿದರು, ಮನೆಗಳಿಗೆ ಬೆಂಕಿ ಇಟ್ಟರು. ಅವರ ಕೈಗೆ ಸಿಕ್ಕವರಲ್ಲಿ ಬಂದೂಕು ಮುಟ್ಟಿದವರು ಎಷ್ಟು ಮಂದಿ ಇದ್ದರೋ! ಕಾಕಾನ ಬಾಚಿ, ಕೊಡಲಿ ಕೇಳಲು ಬಂದಾಗ ಕಾಕಾ ಹತ್ಯಾರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಬಂದವರು ಬೈದರು, ನೂಕಿದರು, ಕಾಕಾ ಏಳಲಿಲ್ಲ. ನನಗೆ ಅಣ್ಣ ಕಣ್ಣಮುಂದೆ ಬಂದ.

ದಾರಿಗಳು ತೆರೆದ ಮೇಲೆ ಕಮಲಾಪುರದ ಹಣ್ಣಿನ ತೋಟದ ಬಾಗವಾನನೊಬ್ಬ ಕೆಂಪು ಬಾಳೆಯ ಗೊನೆ ಹೊತ್ತು ಕಾಕಾನನ್ನು ಹುಡುಕಿಕೊಂಡು ಬಂದ. ಅವನ ಒಂದು ಕಿವಿ ಹರಿದಿತ್ತು.

"ಸಲಾಂ ಕಾಕಾ. ಊರ ಮಂದೀನ ಬಾಳಿತ್ವಾಟದಾಗ ಮುಚ್ಚಿಟ್ಟೀನಂತ ನನ್ನ ಬಡದ್ರು. ಮೊದಲ ಪೆಟ್ಟಿಗೇ ಕುಂದಾ ಮುರೀತು. ಅವ ಬ್ರಹ್ಮಪುರದ ಸುತಾರನ್ನ ಬೈಕೋತ ನಿಂತಾಗ ನಾ ಬಾಳಿ ಸಾಲಿನಾಗ ಓಡಿದೆ. ಎರಡನೇ ಪೆಟ್ಟು ಬೀಳಲಿಲ್ಲ."

ಅವನು ಕಾಕಾನ ಸೊಟ್ಟ ಬೆರಳುಗಳನ್ನು ಕಣ್ಣಿಗೊತ್ತಿಕೊಂಡು ಅತ್ತ. ಕಾಕಾ ನನ್ನ ಕಡೆ ನೋಡಿದರು. ಈಗಲಾದರೂ ಹೇಳು ಅನ್ನುವಂತಿತ್ತು ಆ ನೋಟ. ಆ ಪುಣ್ಯ ನನಗೂ ಸೇರಲಿ ಎಂದಿರಬೇಕು. ಪುಣ್ಯ ಒಪ್ಪಿಕೊಂಡರೆ ಬೆರಳುಗಳನ್ನೂ ಒಪ್ಪಿಕೊಳ್ಳಬೇಕಲ್ಲ... ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಕಾಕಾ ಮತ್ತೆ ಉಳಿ ಹಿಡಿಯಲಿಲ್ಲ. ನನ್ನ ಮಗ ಹಳೆ ಸೀರೆಯ ಜೋಳಿಗೆಯಲ್ಲಿ ತೂಗಿಸಿಕೊಂಡು ಬೆಳೆದ. ನೆಟ್ಟ ಗೆರೆಯ ಹಲಗೆಯನ್ನು ಅವರು ಎಡಗೈಯಿಂದ ನನ್ನತ್ತ ನೂಕಿ, "ಇಟ್ಕೋ ಯವ್ವಾ, ಚಲೋ ಕಟ್ಟಿಗಿ" ಅಂದಿದ್ದರು. ಬೇರೆ ಬಡಿಗನ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು. ಎಣ್ಣೆ ತಿಕ್ಕುವ ನನ್ನ ಬೆರಳುಗಳೂ ಈಗ ಸೊಟ್ಟಗಾಗಿವೆ, ಮುಪ್ಪಿನಿಂದ.

ಮೊನ್ನೆ ಸೊಸೆ, "ಏನದು ಗುರ್ತು, ಬಂದೂಕಿನಂಗ ಅದಲ್ಲ?" ಎಂದು ಕೇಳಿದಳು. ಯಾರೋ ಹುಡುಗರು ಗೀಚಿದ್ದು ಅಂದೆ. ಅಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಸುಳ್ಳು ಹೇಳಿತು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಆ ಮುರಿಯುವ ಕಟ್ಟಿಗೆ ಹಾಕಿರೆಂದು ಕಾಕಾನಿಗೆ ಹೇಳಿದವಳು ನಾನು.