ಉತ್ತರ ಬರಬಾರದ ಪ್ರಶ್ನೆ

ಮಾಸ್ತರನಾಗುವುದು ಹೇಗೆ ಎಂಬ ಮಹಾವಿದ್ಯೆಯನ್ನು ನನಗೆ ಇಬ್ಬರು ಕಲಿಸಿದರು. ಒಬ್ಬರು ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಬೋಧನಾಕ್ರಮ ಹೇಳುತ್ತಿದ್ದ ಗುರುಗಳು. ಇನ್ನೊಬ್ಬ ನನ್ನ ಕೋಣೆಯ ಜೊತೆಗಾರ.

ತೊಂಬತ್ತರ ದಶಕದ ನಡುವಿನ ಮಾತು. ಸಂಸ್ಥೆ ಯಾವ ಊರಿನಲ್ಲಿತ್ತೆಂದು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯ ಹುಡುಗರು ಅಲ್ಲಿದ್ದೆವು. ಕೀರ್ತಿಯನ್ನು ನಾಲ್ಕೂ ತಾಲೂಕುಗಳು ಸಮನಾಗಿ ಹಂಚಿಕೊಳ್ಳಲಿ. ನಾನು ನಾಲತವಾಡದ ಕಡೆಯವನು, ಕೋಣೆಯ ಜೊತೆಗಾರ ಇಂಡಿಯವನು. ತರಬೇತಿಯಲ್ಲಿ ಯಾರ ಅಂಕ ಹೆಚ್ಚೋ ಅವರಿಗೆ ಮೊದಲು ಸರಕಾರಿ ನೌಕರಿ ಎಂಬ ಕಾಲ ಅದು. ನಾವೆಲ್ಲ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು, ಒಂದೇ ನೌಕರಿಗೆ ಕಾಯುತ್ತಿದ್ದೆವು. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡುವ ಬುದ್ಧಿ ನನಗೆ ಆಗ ಇರಲಿಲ್ಲ.

ಗುರುಗಳ ಬೋಧನಾಕ್ರಮಕ್ಕೆ ಮೆಟ್ಟಿಲುಗಳಿದ್ದವು. ಮೊದಲು ಪೀಠಿಕೆ. ಮಕ್ಕಳಿಗೆ ಗೊತ್ತಿರುವುದನ್ನು ಒಂದೊಂದಾಗಿ ಕೇಳುತ್ತ ಹೋಗಬೇಕು. ಕೊನೆಗೆ ಯಾರಿಗೂ ಗೊತ್ತಿಲ್ಲದ ಒಂದು ಪ್ರಶ್ನೆ ಎಸೆಯಬೇಕು. ಮಕ್ಕಳು ಮಿಕಿಮಿಕಿ ನೋಡಬೇಕು. ಆಗ ಮಾಸ್ತರು ಗಂಭೀರವಾಗಿ, ‘ಮಕ್ಕಳೇ, ಇಂದು ನಾವು ಇದನ್ನೇ ತಿಳಿಯೋಣ’ ಎಂದು ಹಲಗೆಯ ಮೇಲೆ ಪಾಠದ ಹೆಸರು ಬರೆಯಬೇಕು. ಕೊನೆಯ ಪ್ರಶ್ನೆಗೆ ಉತ್ತರ ಬಂದರೆ ಮೆಟ್ಟಿಲು ಮುರಿದಂತೆ.

‘ಬಂದ್ರ ಏನ್ ಮಾಡಬೇಕ್ರಿ ಸರ್?’ ಎಂದು ನಾನೊಮ್ಮೆ ಕೇಳಿದ್ದೆ.

‘ಬರಬಾರದು.’

‘ಆದ್ರೂ ಬಂತಂದ್ರರಿ?’

‘ಬರಬಾರದು ಅಂದೆ. ಕುಂಡ್ರು.’

ಎರಡು ವರ್ಷಗಳಲ್ಲಿ ಗುರುಗಳು ನನ್ನ ಸಂದೇಹಕ್ಕೆ ಕೊಟ್ಟ ಅತಿ ದೀರ್ಘ ಉತ್ತರ ಇದು.

ನಿಜವಾದ ಕಸುಬು ಕಲಿಸಿದವನು ಜೊತೆಗಾರ. ಕಿರುಗುಟ್ಟುವ ಸೀಮೆಸುಣ್ಣವನ್ನು ನಡುವೆ ಮುರಿದರೆ ಸುಮ್ಮನಾಗುತ್ತದೆ ಎಂದು ತೋರಿಸಿದವನು ಅವನು. ಗದ್ದಲ ಮಾಡುವ ಹುಡುಗನನ್ನು ಬೈಯದೆ ಹಲಗೆ ಒರೆಸಲು ಕರೆ ಎಂದವನೂ ಅವನೇ. ನಾನು ಅಭ್ಯಾಸದ ಪಾಠ ಮಾಡುವಾಗ ಹಿಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದ, ಕೋಣೆಗೆ ಬಂದ ಮೇಲೆ ಹೇಳುತ್ತಿದ್ದ: ‘ಎಷ್ಟರ ಗ್ರಾಂಥಿಕ ಮಾತಾಡ್ತೀಯೋ ಮಾರಾಯಾ! ಹುಡುಗೂರು ನಿನ್ನ ಆಕಾಶವಾಣಿ ಅಂತ ತಿಳದ್ವು. ಮನ್ಯಾಗ ತಮ್ಮನ ಜೋಡಿ ಮಾತಾಡಿದಂಗ ಮಾತಾಡಲೇ.’ ಹಾಗೆ ಮಾತಾಡಿ ನೋಡಿದೆ. ಮಕ್ಕಳು ಮೊದಲ ಸಲ ನನ್ನ ಮುಖ ನೋಡಿದರು. ಗುರುಗಳಿಗಿಂತ ಗೆಳೆಯ ದೊಡ್ಡವ ಎಂದು ಅಂದೇ ತೀರ್ಮಾನಿಸಿದೆ. ಆತುರದ ತೀರ್ಮಾನ.

ಅಂತಿಮ ಪಾಠ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರ ಎದುರು, ಊರಿನ ಶಾಲೆಯ ಮಕ್ಕಳಿಗೆ ಒಂದು ಪಾಠ ಮಾಡಬೇಕು. ಇದಕ್ಕೆ ನಮ್ಮಲ್ಲಿ ಒಂದು ಸಂಪ್ರದಾಯವಿತ್ತು. ಹಿಂದಿನ ದಿನ ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಿ ಮಕ್ಕಳನ್ನು ‘ಹದ ಮಾಡಿ’ ಬರುವುದು. ಪೀಠಿಕೆಯ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಸಬೇಕು, ಕೊನೆಯದನ್ನು ಮಾತ್ರ ಬಿಡಬೇಕು. ಎಲ್ಲಿ ನಿಲ್ಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ಗುರುಗಳಿಗೂ ಗೊತ್ತು, ಮುನ್ನಾದಿನ ಎದುರಾದಾಗ, ‘ಹುಡುಗೂರು ತಯಾರ ಅದಾವೇನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದರು.

ನಾನು ಅವನ ತರಗತಿಯನ್ನು ಹದ ಮಾಡಿದೆ, ಅವನು ನನ್ನದನ್ನು. ಅವನ ಪಾಠ ಮೊದಲು ನಡೆಯಿತು. ಕೊನೆಯ ಪ್ರಶ್ನೆಗೆ ಮಕ್ಕಳು ಎಷ್ಟು ಚೆಂದ ಮಿಕಿಮಿಕಿ ನೋಡಿದರೆಂದರೆ, ಪರೀಕ್ಷಕರು ತಲೆದೂಗಿದರು. ಆ ಅಜ್ಞಾನದಲ್ಲಿ ನನ್ನ ಶ್ರಮವೂ ಇತ್ತು.

ಮಧ್ಯಾಹ್ನ ನನ್ನ ಸರದಿ. ಸಸ್ಯಗಳು ಆಹಾರ ತಯಾರಿಸುವ ಪಾಠ.

‘ಮುಂಜಾನೆ ಏನ್ ಉಂಡ್ರಿ?’

‘ರೊಟ್ಟಿರೀ ಸರ್!’

‘ರೊಟ್ಟಿ ಯಾತರದು?’

‘ಜ್ವಾಳದ್ದುರೀ!’

‘ಜ್ವಾಳ ಎಲ್ಲಿಂದ ಬರ್ತೈತಿ?’

‘ಗಿಡದಿಂದರೀ!’

ನಾನು ಒಂದು ಹೆಜ್ಜೆ ಮುಂದೆ ಬಂದು ದನಿ ಇಳಿಸಿ ಕೇಳಿದೆ: ‘ನಿಮಗ ಅವ್ವ ರೊಟ್ಟಿ ಬಡೀತಾಳ. ಗಿಡಕ್ಕ ಅಡಗಿ ಮಾಡೋರು ಯಾರು?’

‘ಎಲೀರೀ ಸರ್!’ ಇಡೀ ತರಗತಿ ಒಂದೇ ಬಾಯಲ್ಲಿ ಕೂಗಿತು. ‘ಬಿಸಿಲು, ನೀರು, ಗಾಳಿ ತಗೊಂಡು ಎಲಿ ಅಡಗಿ ಮಾಡ್ತೈತ್ರೀ!’ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಎಲೆಯ ಹಸಿರು ಬಣ್ಣಕ್ಕೆ ಏನೆನ್ನುತ್ತಾರೆ ಎಂಬುದನ್ನು ತಾನಾಗಿಯೇ ಹೇಳಿದಳು. ನಾನು ಮನೆಗೆಲಸಕ್ಕೆಂದು ಇಟ್ಟುಕೊಂಡಿದ್ದ ಪ್ರಶ್ನೆಯ ಉತ್ತರವನ್ನೂ ಕೊಟ್ಟು ಕುಳಿತಳು.

ಇಷ್ಟು ಬುದ್ಧಿವಂತ ಮಕ್ಕಳ ಎದುರು ನಿಂತು, ‘ಮಕ್ಕಳೇ, ಇಂದು ನಾವು ಇದನ್ನೇ ತಿಳಿಯೋಣ’ ಎಂದು ಹೇಳುವ ದೌರ್ಭಾಗ್ಯ ಯಾವ ಮಾಸ್ತರನಿಗೂ ಬಾರದಿರಲಿ. ನಾನು ಹೇಳಿದೆ. ಬೇರೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಮಕ್ಕಳು ನಕ್ಕರು. ಮುಂದೆ ನಾನು ಕೇಳುವ ಮೊದಲೇ ಅವರು ಹೇಳುತ್ತಿದ್ದರು, ಅವರು ಹೇಳಿದ್ದನ್ನು ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ.

ಪಾಠ ಮುಗಿದ ಮೇಲೆ ಪರೀಕ್ಷಕರು ಮೃದುವಾಗಿಯೇ ಕೇಳಿದರು: ‘ಹುಡುಗೂರಿಗೆ ಎಲ್ಲಾ ಗೊತ್ತೈತಲ್ಲರೀ. ಮತ್ತ ನೀವ್ಯಾಕ ಬಂದ್ರಿ?’

ಸಂಜೆ ಚಹಾದಂಗಡಿಯಲ್ಲಿ ಗೆಳೆಯನನ್ನು ಹಿಡಿದೆ. ‘ಲೇ, ಕಡೀ ಪ್ರಶ್ನೆದ ಉತ್ತರ ಯಾಕ ಹೇಳಿಕೊಟ್ಟಿ?’

‘ಹುಡುಗೂರು ಕೇಳಿದ್ವಪಾ. ಕೇಳಿದ್ದಕ್ಕ ಹೇಳಲಾರದ ಹೆಂಗಿರ್ಲಿ? ಮಾಸ್ತರಾಗಾಕ ಬಂದೀವಿಲ್ಲೋ ನಾವು?’

‘ಹಸಿರು ಬಣ್ಣದ ಹೆಸರನ್ನೂ ಕೇಳಿದ್ವೇನು?’

ಅವನು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಊದತೊಡಗಿದ. ಆ ಚಹಾ ಆಗಲೇ ಆರಿತ್ತು.

ಗುರುಗಳ ಹತ್ತಿರ ಹೋದೆ. ಅವರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿ, ‘ಉತ್ತರ ಬರಬಾರದು ಅಂತ ನಾ ಮೊದಲ ಹೇಳಿದ್ನಿಲ್ಲ?’ ಎಂದರು. ತಮ್ಮ ಬೋಧನೆ ಸರಿಯೆಂದು ಸಾಬೀತಾದ ನೆಮ್ಮದಿ ಅವರ ಮುಖದಲ್ಲಿತ್ತು.

ಅಂಕಗಳು ಬಂದವು. ಅವನು ಮೊದಲ ನೇಮಕದಲ್ಲಿಯೇ ಸಿಂದಗಿ ತಾಲೂಕಿನ ಮೋರಟಗಿ ಹತ್ತಿರದ ಹಳ್ಳಿಗೆ ಮಾಸ್ತರನಾಗಿ ಹೋದ. ನಾನು ಕೂದಲೆಳೆಯ ಅಂತರದಲ್ಲಿ ಹಿಂದುಳಿದೆ. ಸಿಂದಗಿಯ ಒಂದು ಖಾಸಗಿ ಶಾಲೆಯಲ್ಲಿ ಟೈ ಕಟ್ಟಿಕೊಂಡು ಎಬಿಸಿಡಿ ಹೇಳಿಕೊಟ್ಟೆ. ಸರಕಾರ ಮತ್ತೆ ಮತ್ತೆ ಮಾಸ್ತರರನ್ನು ಕರೆಯಿತು, ಪ್ರತಿ ಸಲವೂ ಪಟ್ಟಿ ನನ್ನ ಮುಂದಿನವನಿಗೇ ನಿಂತಿತು. ಅಂತೂ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಗೆ ಆದೇಶ ಬಂದಾಗ, ‘ಈಗರ ಬಂತಲ್ಲಪಾ’ ಎಂದು ಅವ್ವ ದೇವರಿಗೆ ಕೈ ಮುಗಿದಳು. ಅಷ್ಟರಲ್ಲಿ ನನ್ನ ತಲೆಗೂದಲು ಹಣೆ ಬಿಟ್ಟು ಹಿಂದೆ ಸರಿಯತೊಡಗಿತ್ತು.

ಅಲ್ಲಿ ಹೊಸ ಶತಮಾನದ ಹೊಸ ವಿಚಾರ ಕಾದಿತ್ತು. ಮೇಲಿನವರು ಹೇಳಿ ಕೆಳಗಿನವರು ಕೇಳುವ ಪದ್ಧತಿ ಹಳತಾಯಿತಂತೆ. ಮಾಸ್ತರರು ಒಬ್ಬರಿಂದೊಬ್ಬರು ಕಲಿಯಬೇಕಂತೆ. ಅದಕ್ಕಾಗಿ ಸುತ್ತಲಿನ ಶಾಲೆಗಳ ಮಾಸ್ತರರೆಲ್ಲ ತಿಂಗಳಿಗೊಮ್ಮೆ ಕೂಡುವ ಸಭೆ. ಅದನ್ನು ನಡೆಸಲು, ಶಾಲೆಗಳನ್ನು ನೋಡಿ ವರದಿ ಬರೆಯಲು, ಒಬ್ಬ ಅಧಿಕಾರಿ. ಮೊದಲ ಸಭೆಗೆ ಹೋದೆ. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ನನ್ನ ಇಂಡಿಯ ಜೊತೆಗಾರ. ಸಿಂದಗಿ ತಾಲೂಕಿನಿಂದ ವರ್ಗ ಮಾಡಿಸಿಕೊಂಡು ಬಂದಿದ್ದ.

‘ಬರ್ರಿ ಮಾಸ್ತರ, ಹೊಸದಾಗಿ ಬಂದವರೇನು?’ ಎಂದ, ಎಲ್ಲರ ಎದುರು.

‘ಹೌದ್ರಿ ಸರ್.’

ಗೆಳೆಯರಿಂದ ಕಲಿಯುವುದರ ಮಹತ್ವ ಕುರಿತು ಅವನು ಊಟದ ಹೊತ್ತಿನವರೆಗೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಮನೆಯಲ್ಲಿ ತಮ್ಮನ ಜೊತೆ ಮಾತಾಡಿದಂತೆ. ಊಟಕ್ಕೆ ನನ್ನ ಪಕ್ಕ ಬಂದು ಕುಳಿತು ಬುತ್ತಿ ಬಿಚ್ಚಿ, ಯಾರಿಗೂ ಕೇಳಿಸದಂತೆ ‘ಸಿಟ್ಟು ಇನ್ನೂ ಹೋಗಿಲ್ಲೇನಲೇ?’ ಎಂದ.

‘ಇಲ್ರಿ ಸರ್’ ಎಂದೆ.

‘ಸರ್ ಅನಬ್ಯಾಡಲೇ’ ಎಂದಾನೆಂದು ನಾನು ಕಾದೆ. ಅವನು ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿ, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದು ನುಂಗಿದ. ಆಮೇಲೆ ದನಿ ಎತ್ತರಿಸಿ, ಉಳಿದವರಿಗೂ ಕೇಳುವಂತೆ, ‘ಮುಂದಿನ ವಾರ ನಿಮ್ಮ ಸಾಲಿಗೆ ಬರ್ತೇನ್ರಿ ಮಾಸ್ತರ. ನಿಮ್ಮ ಪಾಠ ನೋಡಬೇಕು’ ಎಂದ.