ವಾರಿಜಕ್ಕನ ಬಾವಿಗೊಂದು ಕಾಗದ

ಕಳೆದ ಮಂಗಳವಾರ ನಮ್ಮ ಓಣಿಯಿಂದ ಒಂದು ಬೋರ್‌ವೆಲ್ ಲಾರಿ ರಿವರ್ಸ್ ಗೇರಿನಲ್ಲಿ ಹೊರಗೆ ಹೋಯಿತು. ತಿರುಗಿಸಲು ಜಾಗ ಇರಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎರಡೂ ಬದಿಯ ಮಲ್ಲಿಗೆ ಗಿಡಗಳಿಗೆ ತಾಗದಂತೆ ಇಂಚು ಇಂಚಾಗಿ ಹಿಂದೆ ಹೋಗುತ್ತಿದ್ದ. ನಾವು ಏಳೆಂಟು ಹೆಂಗಸರು ವಾರಿಜಕ್ಕನ ಜಗಲಿಯಲ್ಲಿ ಹೂ ಕಟ್ಟುವುದನ್ನು ನಿಲ್ಲಿಸಿ ನೋಡುತ್ತಿದ್ದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. (ನನಗೆ ಕೈ ತುರಿಸುತ್ತಿತ್ತು. ಆದರೆ ಕೈಯಲ್ಲಿ ಬಾಳೆನಾರು ಇತ್ತು.)

ಗೆದ್ದೆವು ಎಂದು ಈಗಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಈ ಅಂಕಣದಲ್ಲಿ ರಸ್ತೆ ಹೊಂಡ, ಕರೆಂಟು, ಬಾರದ ಬಸ್ಸು ಎಂದು ಸೋತ ಕತೆಗಳನ್ನೇ ಬರೆದು ನಿಮ್ಮ ತಲೆ ತಿಂದಿದ್ದೇನೆ. ಈ ವಾರ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡಿ.

ಶಂಕರಪುರದ ನಮ್ಮ ಓಣಿಯಲ್ಲಿ ಮಲ್ಲಿಗೆ ಇಲ್ಲದ ಅಂಗಳವಿಲ್ಲ. ವಾರಿಜಕ್ಕನದು ಐವತ್ತು ಗಿಡ. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆದದ್ದೇ ಆ ಗಿಡಗಳಿಂದ. ಬೆಳಗ್ಗೆ ಮೊಗ್ಗು ಕೊಯ್ದು, ಹೂ ಒಯ್ಯುವ ಗಾಡಿ ಬರುವ ಮೊದಲು ಕಟ್ಟಿ ಮುಗಿಸಬೇಕು. ಬೇಸಿಗೆಯಲ್ಲಿ ಗಿಡಕ್ಕೆ ನೀರು ತಪ್ಪಿತೋ, ಮೊಗ್ಗೂ ಇಲ್ಲ, ಗಾಡಿಯೂ ಇಲ್ಲ. ಆ ನೀರು ಬರುವುದು ಅವರ ಮಾವ ತೋಡಿಸಿದ ಹಿತ್ತಲಿನ ಬಾವಿಯಿಂದ.

ಎಪ್ರಿಲ್‌ನಲ್ಲಿ ನಮ್ಮ ನಳ್ಳಿಗಳಲ್ಲಿ ಗಾಳಿ ಬರುತ್ತದೆ. ಆಗ ಇಡೀ ಓಣಿ ಕೊಡಪಾನ ಹಿಡಿದು ವಾರಿಜಕ್ಕನ ಹಿತ್ತಲಿಗೆ ಹೋಗುತ್ತದೆ. ಪಂಚಾಯತಿನವರು ಅದೇ ಬಾವಿಗೆ ಪಂಪ್ ಇಟ್ಟು ಆಚೆ ಓಣಿಗೂ ನೀರು ಬಿಡುತ್ತಾರೆ. ವರ್ಷಗಳಿಂದ ಹೀಗೆಯೇ ನಡೆದಿದೆ. ನಾನು ತಿಳಿದ ಮಟ್ಟಿಗೆ ಯಾರೂ ಅನುಮತಿ ಕೇಳಿಲ್ಲ, ಅವರೂ ಬೇಡ ಎಂದಿಲ್ಲ.

ಇನ್ನು ಸದಾನಂದ. ಶಾಲೆಯಲ್ಲಿ ನನ್ನಿಂದಲೇ ಮಗ್ಗಿ ಕಲಿತವನು. ಬಹರೈನಿನಲ್ಲಿ ದುಡಿದು ಬಂದು ವಾರಿಜಕ್ಕನ ಬೇಲಿಯ ಆಚೆ ಹೋಮ್‌ಸ್ಟೇ ಕಟ್ಟಿಸುತ್ತಿದ್ದಾನೆ. ಒಳ್ಳೆಯವನೇ. ಆದರೆ ಹೋಮ್‌ಸ್ಟೇಗೆ ಸ್ವಿಮ್ಮಿಂಗ್ ಪೂಲ್ ಬೇಕಂತೆ. ಕಾಪು ಬೀಚಿಗೆ ಬರುವವರಿಗೆ ಪೂಲ್ ಎಂತಕ್ಕೆ ಎಂದು ಕೇಳಿದೆ.

"ಟೀಚರ್, ಸಮುದ್ರ ಫೋಟೋಗೆ. ಪೂಲ್ ಸ್ನಾನಕ್ಕೆ" ಅಂದ.

ಪೂಲಿಗೆ ಬೋರ್‌ವೆಲ್. ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರು ನೋಡುವವರನ್ನು ಕರೆಸಿದ. ಅವರು ಜಾಗವೆಲ್ಲ ಸುತ್ತಿದರು. ವಾರಿಜಕ್ಕನ ಬೇಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಕಾಯಿ ನೆಟ್ಟಗೆ ಎದ್ದು ನಿಂತಿತು. ಪಕ್ಕದಲ್ಲೇ ಬಾವಿ ತುಂಬ ನೀರಿರುವಾಗ ನಿಲ್ಲದೆ ಇನ್ನೇನು ಮಾಡೀತು?

ಜಗಲಿಯಲ್ಲಿ ಮಾತೋ ಮಾತು. ಸದಾನಂದನ ಮುಖಕ್ಕೆ ಹೇಳುವವರು ಮಾತ್ರ ಯಾರೂ ಇಲ್ಲ. ದಿನ ಬೆಳಗಾದರೆ ಮುಖ ನೋಡಬೇಕಲ್ಲ.

"ಅವನ ಜಾಗ, ಅವನು ತೋಡಿಸುತ್ತಾನೆ. ನಾವು ಎಂತ ಹೇಳುವುದು?" ಅಂದರು ವಾರಿಜಕ್ಕ.

"ಬಾವಿ ಬತ್ತಿದರೆ?" ನಾನು ಕೇಳಿದೆ.

"ಬತ್ತಿದರೆ ಗಿಡ ಹೋಯಿತು. ಅಷ್ಟೆ."

ಅಷ್ಟೆ ಎಂದವರು ಮುಂದಿನ ಮೊಗ್ಗು ಕಟ್ಟಿದರು. ನನಗೆ ಕೆಟ್ಟ ಸಿಟ್ಟು ಬಂತು.

ಸಿಟ್ಟು ಬಂದರೆ ನಾನು ಓದಲು ಕೂರುತ್ತೇನೆ. ನಮ್ಮ ರಾಜ್ಯದ ಅಂತರ್ಜಲದ ಕಾನೂನನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಕಾಂಪೊಸಿಷನ್ ತಿದ್ದುವ ಹಾಗೆ ಓದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ಐನೂರು ಮೀಟರ್ ಒಳಗೆ, ಕುಡಿಯುವುದಕ್ಕಲ್ಲದೆ ಬೇರೆ ಕೆಲಸಕ್ಕೆ, ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ಜಾಗ ನಿಮ್ಮದೇ ಇದ್ದರೂ ಕೇಳಬೇಕು. ಪೂಲ್ ಕುಡಿಯುವುದಕ್ಕಾ? ಅಲ್ಲ. ಮುಗಿಯಿತಲ್ಲ ಕತೆ?

ವಾರಿಜಕ್ಕನನ್ನು ಎಳೆದುಕೊಂಡು ಪಂಚಾಯತಿಗೆ ಹೋದೆ. ಪಿಡಿಒ ಮೇಡಂ ಚಿಕ್ಕ ಪ್ರಾಯದವರು, ಚುರುಕು. ರಿಜಿಸ್ಟರ್ ತೆಗೆದು ಎರಡು ಸಲ ನೋಡಿದರು.

"ಟೀಚರ್, ಇದು ಖಾಸಗಿ ಬಾವಿ. ಸಾರ್ವಜನಿಕ ಮೂಲ ಅಂತ ದಾಖಲೆ ಇಲ್ಲ."

"ಪಂಚಾಯತಿನ ಪಂಪ್ ಇಡುವುದಿಲ್ವಾ?"

"ಇಡುವುದು ಹೌದು. ಇವರ ಒಪ್ಪಿಗೆ ಪತ್ರ ಬೇಕಿತ್ತು. ಕೇಳಿದ್ದಕ್ಕೆ ಕೊಡಲೇ ಇಲ್ಲವಂತೆ."

ನಾನು ವಾರಿಜಕ್ಕನ ಮುಖ ನೋಡಿದೆ. ಅವರಿಗೆ ನಿಜವಾಗಿಯೂ ಮುಜುಗರವಾಗಿತ್ತು.

"ಕುಡಿಯುವ ನೀರು ಕೊಡುವುದಕ್ಕೆ ಕಾಗದ ಮಾಡುವುದುಂಟಾ ಟೀಚರ್? ನಾಚಿಕೆ ಅಲ್ವಾ?"

ಇದು ನಮ್ಮ ಊರಿನವರೇ ಮಾಡಬಹುದಾದ ತಪ್ಪು. ಗಡಿಯಲ್ಲಿರುವ ಒಂದು ತೆಂಗಿನ ಮರ ಯಾರದ್ದೆಂದು ಕೋರ್ಟಿಗೆ ಹೋಗುತ್ತೇವೆ. ಊರಿಗೇ ಕೊಟ್ಟ ನೀರಿಗೆ ಒಂದು ಸಾಲು ಬರೆದಿಡುವುದಿಲ್ಲ. ಬರೆದರೆ ಕೊಟ್ಟದ್ದು ಸಣ್ಣದಾಗುತ್ತದೆ ಎಂಬ ಭಾವನೆ. ಭಾವನೆ ದೊಡ್ಡದೇ, ಆದರೆ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಈಗಲಾದರೂ ಒಪ್ಪಿಗೆ ಬರೆದುಕೊಟ್ಟರೆ ತಾಲೂಕಿಗೆ ಕಳಿಸಿ ಸಾರ್ವಜನಿಕ ಮೂಲ ಎಂದು ದಾಖಲು ಮಾಡಿಸಬಹುದು ಎಂದರು ಮೇಡಂ. ವಾರಿಜಕ್ಕ ಪೆನ್ನು ಮುಟ್ಟಲಿಲ್ಲ.

"ಬರೆದರೆ ಬಾವಿ ಪಂಚಾಯತಿಗೆ ಹೋಗುತ್ತದಾ? ನನ್ನ ಗಿಡಕ್ಕೆ?"

"ಜಾಗ ನಿಮ್ಮದೇ ಅಮ್ಮ. ಗಿಡಕ್ಕೆ ಈಗ ಬಿಡುವ ಹಾಗೆಯೇ ಬಿಡಿ." ಮೇಡಂ ಆಮೇಲೆ ನನ್ನ ಕಡೆ ತಿರುಗಿದರು. "ಟೀಚರ್, ನಿಮ್ಮ ಬೋರ್‌ವೆಲ್ಲೂ ಆ ಐನೂರು ಮೀಟರಿನೊಳಗೇ ಬರುತ್ತದೆ. ಅದಕ್ಕೆ ಅನುಮತಿ ತೆಗೊಂಡದ್ದು ಉಂಟಾ?"

ಪ್ರಿಯ ಓದುಗರೇ, ಇಲ್ಲ.

ಮನೆ ಮುಂದೆ ಲಾನ್ ಬೆಳೆಸಲೆಂದು ಕೊರೆಸಿದ ಬೋರ್‌ವೆಲ್ ಅದು. ಯಾರನ್ನೂ ಕೇಳಿರಲಿಲ್ಲ. ನೀರು ಉಳಿಸಿ ಎಂದು ಇದೇ ಅಂಕಣದಲ್ಲಿ ನಿಮಗೆ ಉಪದೇಶ ಮಾಡಿ, ಎದ್ದು ಹೋಗಿ ಹುಲ್ಲಿಗೆ ಪೈಪ್ ಹಿಡಿದವಳು ನಾನು. ಸದಾನಂದನ ಪೂಲಿಗೂ ನನ್ನ ಲಾನಿಗೂ ಎಂತ ವ್ಯತ್ಯಾಸ? ಅವನದು ನೀಲಿ, ನನ್ನದು ಹಸಿರು.

ವಾರಿಜಕ್ಕ ನನ್ನ ಮೊಣಕೈ ಹಿಡಿದರು. "ಬೇಡ ಟೀಚರ್. ನಿಮಗೆ ತೊಂದರೆ ಆಗುತ್ತದೆ. ಬಿಡುವ."

ನನ್ನ ಹುಲ್ಲಿಗೋಸ್ಕರ ತಮ್ಮ ಐವತ್ತು ಗಿಡ ಬಿಡಲು ಹೊರಟಿದ್ದರು ಆ ಹೆಂಗಸು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು, ನನ್ನ ಕೊಳವೆಬಾವಿಯ ಪಂಪ್ ತೆಗೆಸುತ್ತಿದ್ದೇನೆ, ಇನ್ನು ಬಳಸುವುದಿಲ್ಲ ಎಂದು ಬರೆದು ಸಹಿ ಹಾಕಿ ಮೇಡಂ ಮುಂದಿಟ್ಟೆ. ಅದನ್ನು ನೋಡಿದ ಮೇಲೆ ವಾರಿಜಕ್ಕ ಪೆನ್ನು ಎತ್ತಿಕೊಂಡರು. ಒಂದೊಂದೇ ಅಕ್ಷರ ಗುಂಡಗೆ ಬರೆದರು.

ಪಂಚಾಯತಿನವರು ಬಂದು ಟೇಪ್ ಹಿಡಿದು ಅಳೆದರು, ಫೋಟೋ ತೆಗೆದರು, ಕಾಗದ ತಾಲೂಕು ಕಚೇರಿಗೆ ಹೋಯಿತು. ಸದಾನಂದನಿಗೆ ಸುದ್ದಿ ಮುಟ್ಟಿತು. "ಟೀಚರ್, ನೀವೇ ಹೀಗೆ ಮಾಡುವುದಾ?" ಎಂದು ಮುಖ ಊದಿಸಿಕೊಂಡ. ಆದೇಶ ಬರುವ ಮೊದಲೇ ಕೊರೆಸಿ ಮುಗಿಸುವ ಎಂದು ಬಜಗೋಳಿ ಕಡೆಯಿಂದ ಲಾರಿ ತರಿಸಿದ.

ಆದರೆ ಬಾವಿ ಸಾರ್ವಜನಿಕ ಮೂಲ, ಅನುಮತಿ ಇಲ್ಲದೆ ಪಕ್ಕದಲ್ಲಿ ಕೊರೆಯುವಂತಿಲ್ಲ ಎಂಬ ಆದೇಶ ಸೋಮವಾರವೇ ಬಂದಿತ್ತು. ಮಂಗಳವಾರ ಬೆಳಗ್ಗೆ ಪಿಡಿಒ ಮೇಡಂ ಸ್ಕೂಟರಿನಲ್ಲಿ ಬಂದು ಅದರ ಪ್ರತಿಯನ್ನು ಲಾರಿಯ ಏಜೆಂಟನ ಕೈಗೆ ಕೊಟ್ಟರು. ಅವನು ಅದನ್ನು ಪೂರ್ತಿ ಓದಿ ಸದಾನಂದನ ಕಡೆ ನೋಡಿದ.

"ಪರ್ಮಿಷನ್ ಲೆಟರ್ ಎಲ್ಲುಂಟು?"

"ಆಮೇಲೆ ಕೊಡುತ್ತೇನೆ. ನೀವು ಶುರು ಮಾಡಿ."

"ಲಾರಿ ಸೀಜ್ ಆದರೆ ಯಾರು ಬಿಡಿಸುವುದು ಮಾರಾಯ್ರೆ?" ಎಂದು ಹೇಳಿ ಏಜೆಂಟ್ ಲಾರಿ ಹತ್ತಿದ. ಆಮೇಲೆ ಆದದ್ದೇ ಆ ರಿವರ್ಸ್ ಗೇರು.

ಸದಾನಂದ ಎರಡು ದಿನ ಓಣಿಯ ಕಡೆ ಮುಖ ಹಾಕಲಿಲ್ಲ. ಮೂರನೆಯ ದಿನ ಅವನ ನಳ್ಳಿಯಲ್ಲೂ ಗಾಳಿ ಬಂತು. ಗಾರೆ ಕೆಲಸದವರಿಗೆ ಕುಡಿಯಲು ನೀರಿಲ್ಲ. ಬೇಲಿಯ ಹತ್ತಿರ ಬಂದು ನಿಂತ. ವಾರಿಜಕ್ಕ ಹೂ ಕಟ್ಟುತ್ತಲೇ ಹೇಳಿದರು, "ಸದಾ, ಹಗ್ಗ ಅಲ್ಲೇ ಉಂಟು. ಕೊಡಪಾನ ತಾ." ಅವನು ತಂದ, ಸೇದಿದ, ಮೊದಲು ತಾನೇ ಒಂದು ಲೋಟ ಕುಡಿದ. ಪೂಲಿನ ಬದಲು ಮಳೆನೀರಿನ ಟ್ಯಾಂಕ್ ಕಟ್ಟಿಸುತ್ತಾನಂತೆ. ಪ್ಲಾನ್ ತಿದ್ದಿಕೊಡಲು ನನ್ನನ್ನೇ ಕರೆದಿದ್ದಾನೆ.

ನನ್ನ ಲಾನ್ ಸತ್ತಿದೆ. ಒಣಗಿದ ಹುಲ್ಲನ್ನು ಇಷ್ಟು ಹೆಮ್ಮೆಯಿಂದ ನೋಡಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ವಾರಿಜಕ್ಕನ ಬೇಲಿಯೊಳಗೆ ಐವತ್ತು ಗಿಡ ತುಂಬ ಮೊಗ್ಗು.

ಅಂದ ಹಾಗೆ, ನಿಮ್ಮ ಬೋರ್‌ವೆಲ್ ಯಾರ ಬಾವಿಯ ಪಕ್ಕದಲ್ಲಿದೆ?