ಕುರಿಮರಿ ಹಿಡಿದ ಕೈ

ನಮ್ಮ ಮೊಮ್ಮಗಳು ಈರಮ್ಮ ಜಿಲ್ಲಾ ಕಬಡ್ಡಿ ತಂಡಕ್ಕೆ ಆಯ್ಕೆಯಾದಳು!

ಆಟ ನೋಡಿ ಊರಿಗೆ ಹೊರಟವನು ಆದೋನಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಆಟ ನೋಡಿಬಂದ ಇಬ್ಬರು ಪಕ್ಕದಲ್ಲೇ ಕುಳಿತು ಅವಳ ಬಗ್ಗೆ ವಾದಿಸುತ್ತಿದ್ದರು.

“ಹೊಸ ಕೋಚಮ್ಮ ಈರಮ್ಮನ್ನ ಕೆಡಿಸ್ಯಾಳ. ರೈಡಿಗೆ ಹೋಗಾಕಿನ್ನ ಹಿಡಿಯಾಕ ನಿಲ್ಲಿಸ್ಯಾಳ.”

“ಲೇ, ಆಕಿ ಕಾಲು ಹಿಡಿದ್ರ ಯಾರು ಬಿಡಿಸ್ಕೊಂಡಾರ ಹೇಳು?”

ನನಗೆ ತಡೆಯಲಾಗಲಿಲ್ಲ. “ಅದು ಹಟ್ಟಿಯೊಳಗ ಕಲ್ತಿದ್ದಪ್ಪ. ಓಡೋ ಕುರಿಮರಿ ಹಿಂಗಾಲೇ ಹಿಡೀಬೇಕು. ನಾನು ಆಕಿ ತಾತ!”

ಕೋಚಮ್ಮ ನಮ್ಮ ಕುರಿಹಟ್ಟಿಗೆ ಬಂದಾಗ ಈರಮ್ಮ ಮರಿ ಹಿಡಿಯುವುದನ್ನು ಕಂಡು, ‘ಅಂಕಣದಲ್ಲೂ ಹೀಗೇ ಹಿಡಿ’ ಎಂದಿದ್ದನ್ನೂ ಅವರಿಗೆ ಹೇಳಿದೆ. ಆ ತಾಯಿ ತಣ್ಣಗಿರಲಿ.

ಕೋಚಮ್ಮನನ್ನು ಬೈದವನೇ ಕೈಮುಗಿದ. “ಮೇಡಮ್‌ಗ ನನ್ನ ನಮಸ್ಕಾರ ಹೇಳ್ರಿ, ತಾತಾ.”

ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕುಳಿತೆವು. ಸಾಕೆಂದು ಎದ್ದ ಈರಮ್ಮನ ಕಾಲನ್ನು ನನ್ನ ಹೆಂಡತಿ ಗಪ್ಪನೆ ಹಿಡಿದಳು. “ಇನ್ನೊಂದು ರೊಟ್ಟಿ ತಿನ್ನು, ಆಮ್ಯಾಲೆ ಬಿಡ್ತೀನಿ.”